ಬೆರಳು ಬಿದ್ದ ಪುಟ

"ಯಾವಳ ಬೆರಳೇ ಇದು? ಬಾಯಿ ಬಿಡ್ರೇ, ಯಾವಳದು?"

ದೊಡ್ಡ ಸಾಹೇಬ ಪೆನ್ನಿನ ತುದಿಯಿಂದ ಕಂಪ್ಯೂಟರಿನ ಪರದೆಗೆ ಕುಟ್ಟಿದ. ಪರದೆಯ ಮೇಲೆ ಪುಸ್ತಕದ ಪುಟವೊಂದು ಅಗಲವಾಗಿ ತೆರೆದುಕೊಂಡಿತ್ತು. ಅದರ ಅಂಚಿನಲ್ಲಿ, ಅಕ್ಷರಗಳ ಮೇಲೆಯೇ, ಒಂದು ತೋರುಬೆರಳು. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ದೇಶದೇಶದ ವಿದ್ವಾಂಸರು ಮನೇಲಿ ಕೂತು ಓದೋ ಡೇಟಾಬೇಸ್ ಕಣ್ರೇ ಇದು! ಕಕ್ಕಸು ತೊಳೆಯೋ ನಿಮ್ಮ ಬೆರಳು ನೋಡೋಕೆ ಬರ್ತಾರಾ ಅವ್ರು? ಅದೂ ನಾನು ಬರೆದ ಪುಸ್ತಕದ ಮೇಲೆ! ಥೂ, ದರಿದ್ರ ಮುಂಡೇವಾ. ಮತ್ತೆ ಹೊಡೀರಿ ಆ ಪುಟಾನ."

ಹೊಡೆಯುವುದೆಂದರೆ ಫೋಟೊ ಹೊಡೆಯುವುದು. ಗ್ರಂಥಾಲಯದ ಹಳೆಯ ಪುಸ್ತಕಗಳನ್ನೆಲ್ಲ ಪುಟಪುಟವಾಗಿ ಹೊಡೆದು ಕಂಪ್ಯೂಟರಿಗೆ ತುಂಬುವುದು ಈ ಹೆಂಗಸರ ಕೆಲಸ. ಒಂದು ಕೈಯಲ್ಲಿ ಪುಟ ತಿರುಗಿಸಬೇಕು, ಇನ್ನೊಂದು ಕೈಯಲ್ಲಿ ಅದನ್ನು ಒತ್ತಿ ಹಿಡಿಯಬೇಕು, ಮೇಲಿನ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ತೆಗೆಯಬೇಕು. ತಡವಾದರೆ ಕೈಯೂ ಪುಟದ ಜೊತೆ ಒಳಗೆ ಹೋಗುತ್ತದೆ. ಈ ತಪ್ಪಿಗೆ ಆ ಕೋಣೆಯಲ್ಲಿದ್ದ ಹೆಸರು 'ಬೆರಳು ಬೀಳೋದು'. ಯಾರಾದರೂ "ಬೆರಳು ಬಿತ್ತು" ಎಂದು ಕೂಗಿದರೆ ಇನ್ಯಾರೋ ತಲೆಯನ್ನೂ ಎತ್ತದೆ "ಮತ್ತೆ ಹೊಡಿ" ಅನ್ನುತ್ತಿದ್ದರು. ದಿನವಿಡೀ ಅದೇ ಪಾಠ. ನಿದ್ದೆಯಲ್ಲಿ ಕನವರಿಸಿದರೂ ಅದೇ.

ಆ ಬೆರಳು ಯಾರದೆಂದು ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಕೋಣೆಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆದರೆ ಒಡಹುಟ್ಟಿದ ತಂಗಿ ಅಲ್ಲಿ ಒಬ್ಬಳೇ, ಪಕ್ಕದ ಮೇಜಿನವಳು. ಚಿಕ್ಕಂದಿನಲ್ಲಿ ಕಲ್ಲು ಬಿದ್ದು ಅವಳ ತೋರುಬೆರಳಿನ ಉಗುರು ನಡುವೆ ಸೀಳಿತ್ತು, ಮತ್ತೆ ಕೂಡಿಕೊಳ್ಳಲೇ ಇಲ್ಲ. ಪರದೆಯ ಮೇಲೆ ಆ ಸೀಳು ಎದ್ದು ಕಾಣುತ್ತಿತ್ತು. ಅಕ್ಕ ಕಮಕ್ ಕಿಮಕ್ ಅನ್ನಲಿಲ್ಲ.

ಸಾಹೇಬನ ಕಣ್ಣಿಗೆ ಅದು ಬೀಳಲಿಲ್ಲವೋ, ಬಿದ್ದೇ ಹಾಗೆ ಮಾಡಿದನೋ! ಮಾರನೆಯ ದಿನ ತಂಗಿಯನ್ನು ಕ್ಯಾಮೆರಾದಿಂದ ಎಬ್ಬಿಸಿ ಕಟಿಂಗ್ ಮಷೀನಿಗೆ ಕಳಿಸಿದ. ಎರಡೆರಡು ಪ್ರತಿಗಳಿದ್ದ ಪುಸ್ತಕಗಳನ್ನು ಹೀಗೆ ಒಂದೊಂದೇ ಪುಟ ಹೊಡೆಯುತ್ತಿರಲಿಲ್ಲ. ಬೆನ್ನು ಕತ್ತರಿಸಿ, ಹಾಳೆ ಬಿಡಿಸಿ, ಸ್ಕ್ಯಾನ್ ಯಂತ್ರಕ್ಕೆ ತಿನ್ನಿಸುತ್ತಿದ್ದರು. ಕತ್ತರಿಸುತ್ತಿದ್ದ ಆಳು ಕೆಲಸ ಬಿಟ್ಟು ಹೋಗಿದ್ದ. ಬ್ಲೇಡಿಗೆ ಅಡ್ಡ ಇದ್ದ ಕಬ್ಬಿಣದ ಜಾಲರಿಯನ್ನು ಕೆಲಸ ಬೇಗ ಸಾಗಲೆಂದು ಬಿಚ್ಚಿಸಿ ಮೂಲೆಗೆ ಒರಗಿಸಿದ್ದರು.

"ಸಾಹೇಬ್ರೆ, ಜಾಲರಿ ಹಾಕ್ಸಿಕೊಡಿ. ಭಯ ಆಗುತ್ತೆ," ಅಂದಳು ತಂಗಿ.

"ಭಯ ಆದ್ರೆ ಮನೇಲಿ ಬಿದ್ಕೋ. ಡೇಟಾಬೇಸ್ ಉದ್ಘಾಟನೆ ಹತ್ರ ಬಂತು, ಇವಳ ಭಯ ನೋಡ್ಕೊಂಡು ಕೂತಿರ್ಲಾ?"

ಊಟದ ಡಬ್ಬಿ ತೊಳೆದಿಟ್ಟು ಎಲ್ಲರೂ ಮತ್ತೆ ಕೆಲಸಕ್ಕೆ ಕೂತಿದ್ದರು. ಸೂಜಿಯಮ್ಮ ಹಾಳೆ ಜೋಡಿಸುತ್ತಿದ್ದಳು. ಆಯಸ್ಸೆಲ್ಲ ಆ ಗ್ರಂಥಾಲಯದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿದ ಮುದುಕಿ, ಈಗ ತಾನು ಹೊಲಿದದ್ದನ್ನೇ ಕತ್ತರಿಸಲು ಎತ್ತಿಕೊಡಬೇಕಾಗಿ ಬಂದು ದಿನವಿಡೀ ಬೈದುಕೊಳ್ಳುತ್ತಿದ್ದಳು. ಬೈಗುಳ ಅರ್ಧಕ್ಕೇ ನಿಂತಿತು. ಆಮೇಲೆ ಅವಳ ಚೀರಾಟ ಕೇಳಿಸಿತು.

"ಬೆರಳು ಬಿತ್ತು! ಅಯ್ಯಯ್ಯೋ, ಬೆರಳು ಬಿತ್ತಲ್ರೋ!"

ಬಾಗಿಲ ಬಳಿ ಫೋನಿನಲ್ಲಿದ್ದ ಸಾಹೇಬ ತಿರುಗಿಯೂ ನೋಡಲಿಲ್ಲ.

"ಬಿದ್ರೆ ಏನೀಗ? ಮತ್ತೆ ಹೊಡೀರಿ."

ಕ್ಯಾಮೆರಾಗಳ ಸದ್ದೆಲ್ಲ ನಿಂತುಹೋಯಿತು. ಆಗ ತಿರುಗಿದ. ತಂಗಿ ಮಣಿಕಟ್ಟು ಹಿಡಿದುಕೊಂಡು ನೆಲಕ್ಕೆ ಕುಸಿದಿದ್ದಳು, ಮೇಜಿನಿಂದ ರಕ್ತ ಸುರಿಯುತ್ತಿತ್ತು. ಆ ಮನುಷ್ಯನ ಬಾಯಿಂದ ಮೊದಲು ಬಂದದ್ದು ಇಷ್ಟು: "ಪುಸ್ತಕ ಎತ್ರೇ! ಪುಸ್ತಕ ನೆನೆಯುತ್ತೆ!"

ಅಕ್ಕ ತಂಗಿಯನ್ನು ತಬ್ಬಿಕೊಂಡು ಆಸ್ಪತ್ರೆಗೆ ಓಡಿದಳು. ಬೆರಳು ತಂದರೆ ಕೂಡಿಸಲು ನೋಡಬಹುದು ಅಂದರು ಡಾಕ್ಟರು. ಅಕ್ಕ ಫೋನು ಮಾಡಿ ಹೇಳಿದ ಕೂಡಲೇ ಸೂಜಿಯಮ್ಮ ಎದ್ದುಬಿದ್ದು ಹುಡುಕಿದಳು. ಅಷ್ಟರಲ್ಲಿ ಯಾರೋ ಸಾಹೇಬನ ಮಾತಿನಂತೆ ಮೇಜು, ನೆಲ ಎಲ್ಲ ಬಳಿದು, ಕಾಗದದ ಚೂರಿನ ಚೀಲಗಳನ್ನು ಗುಜರಿ ಗಾಡಿಗೆ ಹಾಕಿ ಕಳಿಸಿಯಾಗಿತ್ತು. ತಂಗಿಯ ಸೀಳಿದ ಉಗುರಿನ ಆ ತೋರುಬೆರಳು ರದ್ದಿಯ ಜೊತೆ ಹೋಯಿತು.

ಎಲ್ಲಿ ಆಯಿತು, ಹೇಗಾಯಿತು ಎಂದು ಗ್ರಂಥಾಲಯದವರೇ ಬರೆದುಕೊಡಬೇಕು ಅಂದರು ಆಸ್ಪತ್ರೆಯವರು. ತಂಗಿಗೆ ಆ ಕಾಗದ ಬರೆದುಕೊಡಿ ಎಂದು ಅಕ್ಕ ಸಾಹೇಬನ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡುವ ಹಾಗಿರಲಿಲ್ಲ, ನೆಲಕ್ಕೆ ಹೊಸ ಕಾರ್ಪೆಟ್ ಹಾಸಿತ್ತು.

"ಯಾವ ತಂಗಿ?" ಅಂದ ಸಾಹೇಬ. "ಅಂಥವಳು ಇಲ್ಲಿ ಕೆಲಸಕ್ಕೇ ಇರ್ಲಿಲ್ಲ."

"ನಿಮ್ಮ ಪುಸ್ತಕ ಹೊಡೆದಿದ್ದೇ ಅವಳು, ಸಾಹೇಬ್ರೆ."

"ಗುರುತೇನಿದೆ? ತೋರ್ಸು, ನೋಡೋಣ." ಅವನು ನಕ್ಕ. "ಬಾಯಿ ಮುಚ್ಕೊಂಡು ಕೆಲ್ಸ ಮಾಡು. ಇಲ್ಲಾಂದ್ರೆ ನೀನೂ ಇಲ್ಲಿರ್ಲಿಲ್ಲ ಅಂತ ಆಗಿಬಿಡುತ್ತೆ. ಹೋಗು, ಬೆರಳು ಬಿದ್ದಿರೋ ಪುಟ ಒಂದೂ ಉಳಿಯದ ಹಾಗೆ ತೆಗೆದುಹಾಕು. ಕುಲಪತಿಗಳ ಮುಂದೆ ನನ್ನ ಮಾನ ಹೋಗ್ಬಾರ್ದು."

ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅವನ ಕತ್ತು ಹಿಸುಕಬೇಕು ಅನ್ನಿಸಿತು, ನಿಜವಾಗಿ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದಳು.

ಕೆಟ್ಟ ಪುಟಗಳನ್ನೆಲ್ಲ ಹಾಕುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಜಾಗವಿತ್ತು, ಅದಕ್ಕೆ ಹೆಂಗಸರು ಇಟ್ಟ ಹೆಸರು 'ಕಸ'. ಅಕ್ಕ ಕಸ ತೆರೆದಳು. ಸಾಹೇಬನ ಪುಸ್ತಕದ ಕೆಟ್ಟ ಪುಟಗಳೆಲ್ಲ ಅಲ್ಲಿದ್ದವು. ಒಂದೊಂದರಲ್ಲೂ ಸೀಳಿದ ಉಗುರು. ಒಂದು ಕಡೆ ಬೆರಳ ತುದಿ ಮಾತ್ರ, ಇನ್ನೊಂದು ಕಡೆ ಇಡೀ ಬೆರಳು, ಮತ್ತೊಂದು ಕಡೆ ಹಾಳೆಯ ಮೇಲೆ ಕೂತ ನೊಣವನ್ನು ಓಡಿಸುತ್ತಿದ್ದ ಕೈ. ಅಕ್ಕನಿಗೆ ಅಳು ಒತ್ತರಿಸಿಕೊಂಡು ಬಂತು. ಮೂಗೊರೆಸಿಕೊಂಡು ಕೆಲಸಕ್ಕೆ ಕೂತಳು.

"ಏನೇ ಮಾಡ್ತಿದೀಯ?" ಬೆನ್ನ ಹಿಂದೆ ಸೂಜಿಯಮ್ಮ.

"ಕಸ ನೋಡ್ತಿದೀನಿ."

"ತೆಗೀತಿದೀಯೋ, ಹಾಕ್ತಿದೀಯೋ?"

"ಗುರುತು ಕೇಳ್ದ ಬೋಳಿಮಗ. ಅವನ ಪುಸ್ತಕಕ್ಕೇ ವಾಪಸ್ ಹಾಕ್ತಿದೀನಿ."

ಮುದುಕಿ ಪರದೆಗೆ ಮುಖ ಹತ್ತಿರ ತಂದು ನೋಡಿದಳು. "ಹಾಕು. ಒಂದನ್ನೂ ಬಿಡ್ಬೇಡ ಕಣೇ. ಅವನ ವಂಶ ನಿರ್ವಂಶ ಆಗ!" ಎಂದು ಹೇಳಿ, ಬಾಗಿಲು ಕಾಯಲು ಹೋಗಿ ಕೂತಳು.

ಮನೆಯಲ್ಲಿ ತಂಗಿ ಎಡಗೈಯಲ್ಲಿ ಜಡೆ ಹೆಣೆಯಲು ಹೋಗಿ, ಬಾರದೆ, ಕೂದಲನ್ನು ಗಂಟು ಹಾಕಿಕೊಂಡಿದ್ದಳು.

"ಉದ್ಘಾಟನೆಗೆ ನಾನೂ ಬರ್ತೀನಕ್ಕ."

"ಬಾ. ನೀನಿಲ್ದೆ ನಡೆಯಲ್ಲ ಅದು," ಅಂದಳು ಅಕ್ಕ.

ಉದ್ಘಾಟನೆಯ ದಿನ. ಮೇಲಿನ ದೊಡ್ಡ ಓದುಕೋಣೆಗೆ ಆ ಹೆಂಗಸರು ಕಾಲಿಟ್ಟದ್ದು ಅಂದೇ ಮೊದಲು. ನೀರು ಕೊಡಲು, ಕುರ್ಚಿ ಎಳೆಯಲು ಆಳು ಬೇಕಿತ್ತು. ಗೋಡೆಯಷ್ಟು ದೊಡ್ಡ ಪರದೆ, ಮುಂದಿನ ಸಾಲಿನಲ್ಲಿ ಪ್ರೊಫೆಸರುಗಳು. ಅಕ್ಕನನ್ನು ಪಕ್ಕದ ಪರದೆಬಟ್ಟೆಯ ಹಿಂದೆ ಕೂರಿಸಿ, ಕೈಗೆ ಮೌಸ್ ಕೊಟ್ಟಿದ್ದರು. "ಮುಖ ಆಚೆ ಹಾಕ್ಬೇಡ," ಅಂದಿದ್ದ ಸಾಹೇಬ. ಕುಲಪತಿಗಳು ಒತ್ತಬೇಕಾದ ಕೆಂಪು ಗುಂಡಿಗೆ ತಂತಿಯೇ ಇರಲಿಲ್ಲ. ಅವರು ಒತ್ತಿದಾಗ ಒಳಗಿನಿಂದ ಅಕ್ಕ ಒತ್ತಬೇಕು.

"ಇನ್ನು ಮುಂದೆ ಜ್ಞಾನಕ್ಕೆ ಗೋಡೆಗಳಿಲ್ಲ," ಅಂದ ಸಾಹೇಬ ಮೈಕಿನಲ್ಲಿ. "ಏನು ಬೇಕಾದರೂ ಹುಡುಕಿ, ಕ್ಷಣದಲ್ಲಿ ಸಿಗುತ್ತದೆ. ಮೊದಲಿಗೆ, ಎಲ್ಲರ ಒತ್ತಾಯದ ಮೇರೆಗೆ, ನನ್ನದೇ ಒಂದು ಕಿರುಕಾಣಿಕೆ."

ಕುಲಪತಿಗಳು ಗುಂಡಿ ಒತ್ತಿದರು. ಚಪ್ಪಾಳೆ ಶುರುವಾಗಿ ಹಾಗೇ ನಿಂತುಹೋಯಿತು.

ಗೋಡೆಯ ತುಂಬ ಬೆರಳು. ಸಾಹೇಬನ ಹೆಸರಿನ ಮೇಲೆಯೇ ಒತ್ತಿ ಕೂತಿತ್ತು. ಹಿಂದೆ ಯಾರೋ ಹುಡುಗಿಯರು ಕಿಸಕ್ಕೆಂದರು. ಸಾಹೇಬ ಮೈಕು ಕೈಯಲ್ಲಿದೆ ಎಂಬುದನ್ನೇ ಮರೆತು ಅರಚಿದ: "ಬೆರಳು ಬಿದ್ದಿದೆ ಕಣೇ ಮುಂಡೆ! ತೆಗಿ ಅದನ್ನ!"

ಅಕ್ಕ ಪರದೆಬಟ್ಟೆ ಸರಿಸಿ ಆಚೆ ಬಂದಳು. ಮೌಸ್ ಕೈಯಲ್ಲೇ ಇತ್ತು.

"ಬಿದ್ದಿದ್ದು ಹೌದು, ಸಾಹೇಬ್ರೆ. ಮತ್ತೆ ಹೊಡೀಲಾ?"

ಬೆರಳನ್ನು ಇನ್ನೂ ದೊಡ್ಡದು ಮಾಡಿದಳು. ಸೀಳಿದ ಉಗುರು ಬಾಗಿಲಷ್ಟು ಅಗಲವಾಯಿತು. ಕುಲಪತಿಗಳು ಕನ್ನಡಕ ಸರಿಮಾಡಿಕೊಂಡರು.

"ಯಾರದ್ರೀ ಇದು ಬೆರಳು?"

ಸಾಹೇಬ ಮೈಕನ್ನು ಬೆನ್ನ ಹಿಂದೆ ಸರಿಸಿದ. "ಯಾರದೂ ಅಲ್ಲ ಸಾರ್. ತಾಂತ್ರಿಕ ದೋಷ..."

"ನಂದು."

ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಬಾಗಿಲ ಹತ್ತಿರ, ಸೂಜಿಯಮ್ಮನ ಪಕ್ಕ, ತಂಗಿ ಬಲಗೈಯನ್ನು ಎತ್ತಿ ಹಿಡಿದಿದ್ದಳು. ಬ್ಯಾಂಡೇಜು ಬಿಚ್ಚಿ ಕೆಳಗೆ ಬಿಟ್ಟಿದ್ದಳು. ನಾಲ್ಕು ಬೆರಳು, ನಡುವೆ ಇನ್ನೂ ಹಸಿಯಾದ ಹೊಲಿಗೆ.

"ಏನ್ ಬೇಕಾದ್ರೂ ಹುಡುಕಿ, ಸಿಗುತ್ತೆ ಅಂದ್ರಲ್ಲ ಸಾಹೇಬ್ರೆ. ನನ್ ಬೆರಳು ಹುಡುಕಿಕೊಡಿ."

ಸಾಹೇಬ ಮೌಸ್ ಕಿತ್ತುಕೊಳ್ಳಲು ವೇದಿಕೆಯ ಮೆಟ್ಟಿಲಿಳಿದು ಬರುತ್ತಿದ್ದ. ಅವನು ಹತ್ತಿರ ಬರುವಷ್ಟರಲ್ಲಿ ಅಕ್ಕ ಮುಂದಿನ ಪುಟ ಒತ್ತಿದಳು. ಅಲ್ಲೂ ಬೆರಳಿತ್ತು.