ಕಣ್ಣಿನ ಅಂಚಿನ ಕಲೆ

ನರ್ಸರಿಯಲ್ಲಿ ಎಲ್ಲರೂ ಅವಳನ್ನು ಕಸಿಯಕ್ಕ ಎಂದೇ ಕರೆಯುತ್ತಿದ್ದರು. ಗುಲಾಬಿಗೆ ಕಸಿ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಕಾಡುಗುಲಾಬಿಯ ಗಟ್ಟಿ ಬುಡಕ್ಕೆ ಸಣ್ಣಗೆ ಸೀಳು ಹಾಕಿ, ಹೂಗುಲಾಬಿಯ ಚಿಗುರನ್ನು ಅದರೊಳಗೆ ಕೂರಿಸಿ, ಟೇಪು ಸುತ್ತಿ ಅವಳು ಮುಗಿಸುವಷ್ಟರಲ್ಲಿ ಪಕ್ಕದವರು ಇನ್ನೂ ಚಾಕು ಒರೆಸಿಕೊಳ್ಳುತ್ತಿರುತ್ತಿದ್ದರು. ಕೈಗವಸು ಹಾಕಿಕೊಂಡರೆ ಬೆರಳು ಕುರುಡಾಗುತ್ತದೆ ಎನ್ನುವುದು ಅವಳ ವಾದ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಮೊಣಕೈ ತನಕ ಮಣ್ಣು. ಬಸುರಿಯಾದ ಮೇಲೂ ಅದೇ ಮಣ್ಣು, ಅದೇ ಚಾಕು.

ನಾಲ್ಕನೇ ತಿಂಗಳಲ್ಲಿ ಒಂದು ದಿನ ಕೂದಲು ಗಂಟು ಹಾಕಿಕೊಳ್ಳುವಾಗ ಕತ್ತಿನ ಹಿಂದೆ ಬಟಾಣಿಯಂಥ ಎರಡು ಗಡ್ಡೆ ಕೈಗೆ ಸಿಕ್ಕವು. ನೋವಿರಲಿಲ್ಲ. ವಾರದಿಂದ ಮೈ ಭಾರ, ಮಧ್ಯಾಹ್ನಕ್ಕೇ ಕಣ್ಣು ಎಳೆಯುತ್ತಿತ್ತು, ಅಷ್ಟೇ. "ಬಸುರಿಗೆ ಸುಸ್ತಾಗದೆ ಇನ್ಯಾರಿಗೆ ಆಗತ್ತೆ?" ಎಂದು ಅತ್ತೆ ತಳ್ಳಿಹಾಕಿದರು. ಆದರೂ ತಿಂಗಳ ತಪಾಸಣೆಗೆ ಹೋದಾಗ ಅವಳು ಆ ಗಡ್ಡೆಗಳ ವಿಷಯ ಬಾಯಿಬಿಟ್ಟಳು. ವೈದ್ಯೆ ಕತ್ತು ಮುಟ್ಟಿ ನೋಡಿ, ಏನು ಕೆಲಸ ಮಾಡ್ತೀಯಾ ಎಂದು ಕೇಳಿದರು. ಉತ್ತರ ಕೇಳಿ ರಕ್ತಪರೀಕ್ಷೆಯ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದರು.

ಮೊದಲ ವರದಿ ಬಂದ ಮೇಲೆ ದೊಡ್ಡ ಲ್ಯಾಬಿಗೆ ಮತ್ತೊಮ್ಮೆ ರಕ್ತ ಹೋಯಿತು. ಎರಡನೆಯದು ಬಂದ ದಿನ ವೈದ್ಯೆ ಗಂಡನನ್ನೂ ಒಳಗೆ ಕರೆಸಿ ಕೂರಿಸಿಕೊಂಡರು. ಅವನು ಲಿಫ್ಟ್ ರಿಪೇರಿಯವನು. ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಏನಾದರೊಂದು ಸ್ಕ್ರೂ ತಿರುಗಿಸುತ್ತಿರುವವನು.

"ಇದರ ಹೆಸರು ಟಾಕ್ಸೋಪ್ಲಾಸ್ಮಾ," ವೈದ್ಯೆ ಹೇಳಿದರು. "ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ. ಬೇರೆ ಹೊತ್ತಲ್ಲಿ ಬಂದಿದ್ರೆ ನಿಮಗೆ ಗೊತ್ತೂ ಆಗ್ತಿರಲಿಲ್ಲ, ಬಂದು ತೆಪ್ಪಗಾಗ್ತಿತ್ತು. ಈಗ ಬಂದಿರೋದು ಬಸುರಿದ್ದಾಗ. ಮಗುವಿಗೆ ದಾಟಬಹುದು. ದಾಟದೇನೂ ಇರಬಹುದು."

"ದಾಟಿದ್ರೆ?" ಎಂದ ಗಂಡ. ಸ್ಕ್ರೂ ನಿಂತಿತ್ತು.

"ಮೆದುಳಿಗೆ, ಕಣ್ಣಿಗೆ ತೊಂದರೆ ಆಗಬಹುದು. ಆಗೇ ಆಗತ್ತೆ ಅಂತಲ್ಲ. ಇವತ್ತಿಂದಲೇ ಮಾತ್ರೆ ಶುರು ಮಾಡೋಣ. ಐದನೇ ತಿಂಗಳಲ್ಲಿ ಮಗುವಿನ ಸುತ್ತ ಇರೋ ನೀರು ತೆಗೆದು ಪರೀಕ್ಷೆ ಮಾಡಿದ್ರೆ ಗೊತ್ತಾಗತ್ತೆ."

ಕಸಿಯಕ್ಕ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಳು. ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು ಗೆರೆ.

ಮನೆಯಲ್ಲಿ ಅತ್ತೆಯ ಪಂಚಾಯಿತಿ ಶುರುವಾಯಿತು. ಮೂವತ್ತು ವರ್ಷ ಶಾಲಾ ಸಮವಸ್ತ್ರ ಹೊಲಿದು ನಿವೃತ್ತರಾದ ಹೆಂಗಸು. ಯಾವುದೇ ವಿಷಯವಿರಲಿ, ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಮೊದಲು ಹುಡುಕುವವರು. ಈ ಸೋಂಕು ಬೆಕ್ಕಿನಿಂದಲೂ ಬರುತ್ತದೆ ಎಂದು ಕಿವಿಗೆ ಬಿದ್ದದ್ದೇ ತಡ, ಅಪರಾಧಿ ಸಿಕ್ಕಿಬಿಟ್ಟ. ನರ್ಸರಿಯಲ್ಲೊಂದು ಬೂದು ಬೆಕ್ಕಿತ್ತು. ದಿನಾ ಬೆಳಗ್ಗೆ ಕುಂಡಗಳ ಸಾಲಿನ ನಡುವೆ ಗಂಭೀರವಾಗಿ ಓಡಾಡಿ ತಪಾಸಣೆ ಮಾಡುತ್ತಿದ್ದುದರಿಂದ ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರು ಬಿದ್ದಿತ್ತು.

"ಇದೆಲ್ಲ ಆ ನಿಮ್ಮ ಇನ್ಸ್‌ಪೆಕ್ಟರ್ ಸಾಹೇಬ್ರ ಕೆಲಸ," ಎಂದರು ಅತ್ತೆ. "ನಾನು ಹುಟ್ಟಿದಾಗಿನಿಂದ ಬೆಕ್ಕು ಮುಟ್ಟಿದವಳಲ್ಲ. ನನ್ನ ಮಗ ನೋಡು, ಕಲ್ಲಿನ ಹಾಗೆ ಹುಟ್ಟಿದ."

ಈ ಮಾತು ವೈದ್ಯೆಯ ಕಿವಿಗೂ ಹೋಯಿತು. ಯಾಕೆಂದರೆ ಮುಂದಿನ ಸಲ ಅತ್ತೆಯೇ ಜೊತೆಗೆ ಬಂದಿದ್ದರು.

"ಬೆಕ್ಕಿಗೆ ಮೊದಲ ಸಲ ಸೋಂಕು ತಗುಲಿದಾಗ ಎರಡು ಮೂರು ವಾರ ಅಷ್ಟೇ ಅದರ ಮಲದಲ್ಲಿ ಇದು ಹೊರಗೆ ಬೀಳೋದು," ವೈದ್ಯೆ ತಾಳ್ಮೆಯಿಂದ ಹೇಳಿದರು. "ಆದ್ರೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯತ್ತೆ. ಮಣ್ಣಿಂದ ಬಂದಿರಬಹುದು, ಸರಿಯಾಗಿ ತೊಳೆಯದ ಹಸಿ ಸೊಪ್ಪಿಂದ ಬಂದಿರಬಹುದು, ಅರೆಬೆಂದ ಮಾಂಸದಿಂದ ಬಂದಿರಬಹುದು. ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸೋಕೆ ಯಾರಿಂದಲೂ ಆಗಲ್ಲ. ನಿಮ್ಮಿಬ್ಬರದೂ ಒಂದೇ ಅಡುಗೆಮನೆ ಊಟ ತಾನೇ, ನಿಮ್ಮ ರಕ್ತವನ್ನೂ ಒಮ್ಮೆ ನೋಡೋಣ್ವಾ?"

"ನೋಡಿ, ನನಗೇನು ಭಯ?" ಎಂದು ಅತ್ತೆ ತೋಳು ಮಡಚಿದರು.

ವಾರದ ನಂತರ ಅತ್ತೆಯ ವರದಿಯನ್ನು ವೈದ್ಯೆ ಎರಡು ಸಲ ಓದಿ ಹೇಳಬೇಕಾಯಿತು. ಅವರಿಗೂ ಸೋಂಕು ಆಗಿತ್ತು. ಈಚಿನದಲ್ಲ, ತುಂಬಾ ಹಳೆಯದು. ಬಹುಶಃ ಲಂಗ ತೊಟ್ಟು ಬೀದಿಯಲ್ಲಿ ಆಡುತ್ತಿದ್ದ ಕಾಲದ್ದು. ಒಮ್ಮೆ ಬಂದರೆ ಅದು ಹೋಗುವುದಿಲ್ಲ. ಮೆದುಳಿನಲ್ಲೋ ಸ್ನಾಯುವಿನಲ್ಲೋ ಸಣ್ಣ ಚೀಲದೊಳಗೆ ಮುದುಡಿಕೊಂಡು ಸಾಯುವ ತನಕ ಜೊತೆಗಿರುತ್ತದೆ. ಲೋಕದಲ್ಲಿ ಕೋಟಿಗಟ್ಟಲೆ ಜನ ಹೀಗೆ ಅದನ್ನು ಹೊತ್ತುಕೊಂಡು ಓಡಾಡುತ್ತಿದ್ದಾರೆ.

"ಅಂದ್ರೆ ಈಗಲೂ ನನ್ನೊಳಗೆ ಇದೆಯಾ?"

"ಇದೆ. ಅದರಿಂದ ನಿಮಗೇನೂ ಆಗಲ್ಲ. ಬಸುರಾಗೋಕೆ ಮೊದಲೇ ಬಂದಿತ್ತಲ್ಲ, ನಿಮ್ಮ ಮೈಗೆ ಅದರ ಗುರುತಿತ್ತು. ಹಾಗಾಗಿ ನಿಮ್ಮ ಮಗನ ತನಕ ಅದನ್ನು ಬಿಡಲಿಲ್ಲ."

ಅತ್ತೆ ತಮ್ಮ ಎರಡೂ ತೋಳುಗಳನ್ನು ಯಾರದೋ ತೋಳುಗಳೆಂಬಂತೆ ತಿರುಗಿಸಿ ನೋಡಿಕೊಂಡರು. ಬಸ್ಸು ಇಳಿಯುವಾಗ, "ಐವತ್ತು ವರ್ಷ. ಹೇಳಲಿಲ್ಲ, ಕೇಳಲಿಲ್ಲ," ಎಂದು ಮೆಲ್ಲಗೆ ಅಂದರು. ಅವತ್ತಿನಿಂದ ಬೆಕ್ಕಿನ ಸುದ್ದಿ ಎತ್ತಲಿಲ್ಲ. ಸೊಪ್ಪು ತೊಳೆಯುವ ಕೆಲಸವನ್ನು ಯಾರೂ ಹೇಳದೆ ತಾವೇ ವಹಿಸಿಕೊಂಡರು.

ನೀರು ತೆಗೆಯುವ ದಿನ ಕಸಿಯಕ್ಕ ಸೂಜಿಯ ಉದ್ದವನ್ನು ಕಣ್ಣಲ್ಲೇ ಅಳೆದಳು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು, ಪಕ್ಕದಲ್ಲಿ ಸ್ಕ್ಯಾನಿನ ಪರದೆ. "ಬೇಕಾದ್ರೆ ಆ ಕಡೆ ತಿರುಗಿಕೋ," ಎಂದರು ವೈದ್ಯೆ. ಅವಳು ತಿರುಗಲಿಲ್ಲ. ಪರದೆಯಲ್ಲಿ ಮಗು ಮಂಡಿ ಮಡಚಿಕೊಂಡು ಮಲಗಿತ್ತು. ಬೆನ್ನೆಲುಬು ಮುತ್ತಿನ ಸರದಂತೆ ಕಾಣುತ್ತಿತ್ತು. ಸೂಜಿ ಒಂದು ಬಿಳಿ ಗೆರೆಯಾಗಿ ಒಳಗೆ ಇಳಿಯಿತು. ಆಗ ಮಗು ಕೈ ಎತ್ತಿತು. ಐದೂ ಬೆರಳು ಬಿಚ್ಚಿ, ಆ ಗೆರೆಯ ಕಡೆಗೆ ನಿಧಾನವಾಗಿ ಚಾಚಿತು.

ವೈದ್ಯೆಯ ಕೈ ಇದ್ದಲ್ಲೇ ನಿಂತಿತು. ಮಗು ಕೈಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದು, ಬೇಡವೆನಿಸಿದಂತೆ ಮಡಚಿ ಮುಖದ ಹತ್ತಿರ ಇಟ್ಟುಕೊಂಡಿತು.

"ಹೂಂ, ಈಗ," ಎಂದು ವೈದ್ಯೆ ಸಿರಿಂಜು ಎಳೆದರು. ತಿಳಿ ಹಳದಿ ನೀರು. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಇದು ಮಾತ್ರ ಇವತ್ತಿಗೂ ಅಭ್ಯಾಸ ಆಗಿಲ್ಲ," ಎಂದರು ಯಾರಿಗೆಂದಿಲ್ಲದೆ.

ಫಲಿತಾಂಶ ಅವರು ಬಯಸಿದಂತೆ ಬರಲಿಲ್ಲ. ಸೋಂಕು ಮಗುವಿಗೆ ದಾಟಿತ್ತು. ಅವಳು ಅಳಲಿಲ್ಲ. ಅದರ ಬದಲು ಲ್ಯಾಬಿನ ಮುಖ್ಯಸ್ಥರನ್ನು ಹುಡುಕಿಕೊಂಡು ಹೋಗಿ, "ನನಗೆ ಅದನ್ನ ನೋಡಬೇಕು," ಎಂದಳು. ಆ ದಪ್ಪ ಕನ್ನಡಕದ ಹಿರಿಯರಿಗೆ ಇಂಥ ಕೋರಿಕೆ ಯಾರೂ ತಂದಿರಲಿಲ್ಲ. ನಿನ್ನ ಹೊಟ್ಟೆಯಿಂದ ತೆಗೆದ ನೀರಿನಲ್ಲಿ ಅದರ ಸುಳಿವು ಸಿಕ್ಕಿತೇ ಹೊರತು ನೋಡಲು ಏನೂ ಇಲ್ಲ ಎಂದು ವಿವರಿಸಿದರು. ಆಮೇಲೆ ಅವಳ ಮುಖ ನೋಡಿ, ವಿದ್ಯಾರ್ಥಿಗಳಿಗೆ ತೋರಿಸುವ ಹಳೆಯ ಗಾಜಿನ ಪಟ್ಟಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು.

ಅವಳು ರಾಕ್ಷಸನನ್ನು ನೋಡಲು ಬಗ್ಗಿದ್ದಳು. ಕಂಡದ್ದು ನಸುನೇರಳೆ ಬಣ್ಣದ ಪುಟ್ಟ ಪುಟ್ಟ ಚಂದ್ರರು. ಬಿದಿಗೆಯ ಚಂದ್ರನಂತೆ ಬಾಗಿದವು, ಮಧ್ಯದಲ್ಲೊಂದು ಗಾಢ ಚುಕ್ಕೆ, ಒಂದು ತುದಿ ಚೂಪು.

"ಇಷ್ಟೇನಾ?"

"ಇಷ್ಟೇ. ಸಾಲಾಗಿ ನಿಲ್ಲಿಸಿದ್ರೆ ಒಂದು ಮಿಲಿಮೀಟರ್ ಜಾಗದಲ್ಲಿ ನೂರೈವತ್ತು ಹಿಡಿಸತ್ತೆ."

ಅವಳು ಮತ್ತೆ ಬಗ್ಗಿದಳು. ದಿನವೂ ಚಾಕುವಿನ ಮೊನೆಯಲ್ಲಿ ಕೂದಲೆಳೆಯಷ್ಟು ಸಿಪ್ಪೆ ಬಿಡಿಸುವವಳಿಗೆ ಸಣ್ಣದರ ಮೇಲೆ ಗೌರವವಿತ್ತು. ಆದರೆ ಇಷ್ಟು ಸಣ್ಣದು ಮಣ್ಣನ್ನು ದಾಟಿ, ತನ್ನ ಕರುಳು ದಾಟಿ, ರಕ್ತದಲ್ಲಿ ಈಜಿ, ಇನ್ನೂ ಕಣ್ಣೇ ಬಿಡದ ಒಂದು ಜೀವವನ್ನು ಹುಡುಕಿಕೊಂಡು ಹೋದದ್ದು ಹೇಗೆ? ಕೋಪ ಬರಬೇಕಿತ್ತು. ಬಂದದ್ದು ಕೋಪವಲ್ಲ. ತುಂಬಾ ಎತ್ತರದ ಜಾಗದಲ್ಲಿ ನಿಂತು ಕೆಳಗೆ ನೋಡಿದಾಗ ಆಗುವಂಥ ದಿಗಿಲು, ಬೆರಗು.

ಔಷಧಿ ಬದಲಾಯಿತು. ಎರಡು ಬಗೆಯ ಕಹಿ ಮಾತ್ರೆ, ಅವುಗಳಿಂದ ರಕ್ತ ಕೆಡದಂತೆ ಮೂರನೆಯದು. ಪ್ರತಿ ವಾರ ರಕ್ತಪರೀಕ್ಷೆ, ತಿಂಗಳಿಗೊಮ್ಮೆ ಸ್ಕ್ಯಾನು. ಪ್ರತಿ ಸಲವೂ ವೈದ್ಯೆ ಮಗುವಿನ ತಲೆಯನ್ನು ಅಳೆದು, "ಸರಿಯಾಗಿದೆ," ಎಂದಾಗ ಗಂಡ ಹೊರಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಕಸಿಯಕ್ಕ ಕೆಲಸ ಬಿಡಲಿಲ್ಲ. ಉಳಿದವರು ಕಟ್ಟಿದ ಕಸಿಗಳನ್ನು ಕುರ್ಚಿಯಲ್ಲಿ ಕುಳಿತು ಪರೀಕ್ಷಿಸಿ ತಪ್ಪು ಹುಡುಕತೊಡಗಿದಳು. ಇನ್ಸ್‌ಪೆಕ್ಟರ್ ಹುದ್ದೆಗೆ ಪೈಪೋಟಿ ಬಂತು ಎಂದು ನರ್ಸರಿಯಲ್ಲಿ ತಮಾಷೆಯಾಯಿತು.

ದಿನ ತುಂಬಿ ಮಗಳು ಹುಟ್ಟಿದಳು. ಗಟ್ಟಿ ಅಳು, ಗುಂಡು ತಲೆ. ಮೆದುಳಿನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಮೂರನೇ ದಿನ ಕಣ್ಣಿನ ವೈದ್ಯರು ಬಂದರು. ಹನಿ ಹಾಕಿ, ರೆಪ್ಪೆ ಬಿಡಿಸಿ, ಪುಟ್ಟ ಕ್ಯಾಮೆರಾ ಹಿಡಿದರು. ಪರದೆಯ ಮೇಲೆ ಮಗಳ ಕಣ್ಣಿನ ಒಳಗು ತೆರೆದುಕೊಂಡಿತು.

ಅದು ಕಿತ್ತಳೆಗೆಂಪಿನ ಒಂದು ದುಂಡು ಲೋಕ. ಒಂದು ಹೊಳೆಯುವ ಬಿಂದುವಿನಿಂದ ಹೊರಟ ರಕ್ತನಾಳಗಳು ಕವಲೊಡೆಯುತ್ತ, ಸಣ್ಣಗಾಗುತ್ತ ಎಲ್ಲ ಕಡೆ ಹರಡಿದ್ದವು. ಬಲಗಣ್ಣಿನಲ್ಲಿ, ದೂರದ ಅಂಚಿನಲ್ಲಿ, ಒಂದು ಮಾಸಲು ಬಿಳಿ ಕಲೆ; ಅದರ ಸುತ್ತ ಕಪ್ಪು ಗೆರೆ.

"ಇಲ್ಲಿಗೆ ಬಂದಿತ್ತು," ಎಂದರು ಕಣ್ಣಿನ ವೈದ್ಯರು. "ಬಂದು, ವಾಸಿಯಾಗಿದೆ. ಕಲೆ ಅಷ್ಟೇ ಉಳಿದಿದೆ. ಇವಳು ನೋಡೋದು ಈ ಮಧ್ಯದ ಜಾಗದಿಂದ. ಅದು ಶುದ್ಧವಾಗಿದೆ." ಒಂದು ವರ್ಷ ಔಷಧಿ ಕೊಡಬೇಕು, ಮುಂದೆಯೂ ಆಗಾಗ ಕಣ್ಣು ತೋರಿಸುತ್ತಿರಬೇಕು, ಅದು ಮತ್ತೆ ಏಳಬಹುದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಅತ್ತೆ ಪರದೆಯ ಹತ್ತಿರಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡರು. "ಇದು ಇವಳ ಕಣ್ಣಾ? ಒಳಗೆ ಇಷ್ಟು ದೊಡ್ಡದಾ?" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಇನ್ನೊಂದು ಸ್ವಲ್ಪ ಹೊತ್ತು ಇಡಿ," ಎಂದು ಕೇಳಿಕೊಂಡರು. ಗಂಡ, ಹೆಂಡತಿ, ಅತ್ತೆ ಮೂವರೂ ಆ ಕೆಂಪು ಬೆಳಕಿನಲ್ಲಿ ನಿಂತೇ ಇದ್ದರು.

ಹನ್ನೊಂದನೇ ತಿಂಗಳಲ್ಲಿ ಒಂದು ಬೆಳಗ್ಗೆ ಮಗಳು ಅಂಬೆಗಾಲಿಡುತ್ತಾ ಬಂದು ಅಡುಗೆಮನೆಯ ನಡುವೆ ಗಕ್ಕನೆ ನಿಂತಳು. ಬಗ್ಗಿ ನೆಲವನ್ನೇ ದಿಟ್ಟಿಸಿದಳು. ಕಸಿಯಕ್ಕನಿಗೆ ಅಲ್ಲೇನೂ ಕಾಣಲಿಲ್ಲ. ಪಕ್ಕದಲ್ಲಿ ಕುಳಿತು, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿದಾಗ ಕಂಡಿತು: ಸಾಸಿವೆಯ ಕಾಲು ಭಾಗವೂ ಇಲ್ಲದ ಕಂದು ಇರುವೆಯೊಂದು ಕಂದು ನೆಲದ ಮೇಲೆ ತನ್ನ ಪಾಡಿಗೆ ಹೋಗುತ್ತಿತ್ತು. ಮಗಳು ತೋರುಬೆರಳು ಚಾಚಿ, ಅದನ್ನು ಮುಟ್ಟದೆ, ಅದರ ಹಿಂದೆ ಹಿಂದೆಯೇ ಬೆರಳು ಸರಿಸುತ್ತ ಹೋದಳು.