ಕೇಳಿದ್ದಕ್ಕಷ್ಟೇ ಉತ್ತರ

ಜಯನಗರದ ಜಯಸಿಂಹ ವಕೀಲರು ಕರಿ ಕೋಟನ್ನು ಗೂಟಕ್ಕೆ ನೇತುಹಾಕಿದ ಮೇಲೆ ಮನೆಯಲ್ಲಿ ಅವರ ವಾದ ಕೇಳುವವರೇ ಇರಲಿಲ್ಲ. ಹೆಂಡತಿ ಸತ್ಯಭಾಮಾ ಕೇಳುವುದನ್ನು ಎಂದೋ ಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಮೊಮ್ಮಗಳು ಇಂಚರ ತಾನೂ ಲಾ ಓದುತ್ತೇನೆ, ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದಾಗ ಮುದುಕರಿಗೆ ಸ್ವರ್ಗಕ್ಕೆ ಮೂರೇ ಗೇಣು. ಹುಡುಗಿಗೆ ಸೀಟು ಸಿಗಬೇಕು, ಅದರಲ್ಲಿ ತಮ್ಮ ಕೈಯೂ ಇರಬೇಕು. ಅವರಿಗಿದ್ದ ಆಸೆ ಇಷ್ಟೇ. ಪದ್ಮನಾಭನಗರದ ಕೋಚಿಂಗಿನಿಂದ ಅವಳು ಬಂದ ಕೂಡಲೇ ಕಾಫಿ ಕುಡಿಸಿ, ಎದುರಿಗೆ ಕೂರಿಸಿಕೊಂಡು ಕಾನೂನು ಹೇಳಿಕೊಡಲು ಶುರುಮಾಡಿದರು.

ಹೇಳಿಕೊಟ್ಟಷ್ಟೂ ಮಾಕ್ ಟೆಸ್ಟಿನಲ್ಲಿ ಕಾನೂನು ವಿಭಾಗದ ಅಂಕ ಇಳಿಯುತ್ತಾ ಹೋಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆ ಬೇರೆ.

"ಆ ಕೋಚಿಂಗಿನವರಿಗೇ ಕಾನೂನು ಬರಲ್ಲ," ಎಂದು ಜಯಸಿಂಹ ಗುಡುಗಿದರು. "ತಾ ಇಲ್ಲಿ ಆ ಪೇಪರು, ನಾನೇ ಬರೀತೀನಿ."

ಬರೆದರು. ಇಂಚರ ಉತ್ತರಗಳನ್ನು ತಾಳೆ ನೋಡಿದಳು. ತಾತನಿಗೆ ಮೊಮ್ಮಗಳಿಗಿಂತಲೂ ಕಡಿಮೆ ಬಂದಿತ್ತು.

"ಇಲ್ಲಿ ನೋಡು ತಾತ. ಪಕ್ಕದವರ ಕಾಂಪೌಂಡಿಗೆ ಕೇಳದೆ ಕಾಲಿಟ್ರೆ ತಪ್ಪು, ಕಾರಣ ಏನೇ ಇರ್ಲಿ ಅಂತ ಮೇಲೆ ಕೊಟ್ಟಿದಾರೆ. ಬೆಂಕಿ ಆರಿಸೋಕೆ ಹಾರಿದವನದ್ದು ತಪ್ಪಾ ಅಂತ ಪ್ರಶ್ನೆ."

"ಅಲ್ಲವೇ ಅಲ್ಲ! ಅನಿವಾರ್ಯ ಅಂತ ಯಾವ ಜಡ್ಜಾದ್ರೂ ಬಿಟ್ಟುಬಿಡ್ತಾರೆ."

"ಕೋರ್ಟಲ್ಲಿ ಬಿಡ್ತಾರೆ. ಇಲ್ಲಿ ಕೊಟ್ಟಿರೋ ನಿಯಮ ಅಷ್ಟೇ ನೋಡ್ಬೇಕು, ನಮಗೆ ಬೇರೆ ಏನು ಗೊತ್ತಿದ್ರೂ ತರೋ ಹಾಗಿಲ್ಲ." ಅವಳು ತಲೆ ತಗ್ಗಿಸಿದಳು. "ನೀನು ಹೇಳಿಕೊಟ್ಟಿದ್ದೇ ತಲೇಲಿ ಬಂದು ಉತ್ತರ ತಪ್ಪುತ್ತೆ. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಅಂಕ ಹೋದರೂ ಹೋಗಲಿ, ತಾತನ ಮನಸ್ಸು ನೋಯದಿರಲಿ ಎಂದು ಹುಡುಗಿ ಸುಮ್ಮನಿದ್ದಳಲ್ಲ! ಕಡಿಮೆ ಅಂಕಕ್ಕಿಂತ ಇದೇ ಅವರನ್ನು ಹೆಚ್ಚು ಚುಚ್ಚಿತು. ಉಪಕಾರ ಮಾಡಲು ಹೋಗಿ ಮಗುವಿನ ದಾರಿಗೇ ಅಡ್ಡ ಕೂತೆನಲ್ಲ ಎಂದು ನಾಚಿಕೆಯಾಯಿತು. ಮರುದಿನದಿಂದ ಪಾಠ ನಿಂತಿತು. "ಏನು, ವಕೀಲರ ಬಾಯಿ ಕಟ್ಟಿಹೋಯ್ತಾ?" ಎಂದು ಸತ್ಯಭಾಮಾ ಕೆಣಕಿದರೂ ಅವರು ದಿನಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಪರೀಕ್ಷೆಯ ಭಾನುವಾರ ಆಟೋದಲ್ಲಿ ಅವಳ ಜೊತೆಗೆ ಹೋದರು. ಪರೀಕ್ಷೆ ನಡೆಯುವ ಬನಶಂಕರಿಯ ಕಾಲೇಜಿನ ಗೇಟಿನಲ್ಲಿ ಇಂಚರ ಕಾಲು ಮುಟ್ಟಿ ನಮಸ್ಕರಿಸಿದಳು. ಮುಖ ಬಿಳಿಚಿಕೊಂಡಿತ್ತು. "ಏನಾದ್ರೂ ಹೇಳು ತಾತ."

ಸಾಕ್ಷಿಕಟ್ಟೆ ಹತ್ತುವ ಮುಂಚೆ ಎಷ್ಟೋ ಬಡಪಾಯಿಗಳು ಹೀಗೆಯೇ ಅವರ ಮುಖ ನೋಡಿದ್ದುಂಟು. ಅವರಿಗೆಲ್ಲ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು ಪುಟ್ಟಿ. ಗೊತ್ತಿರೋದೆಲ್ಲ ಒದರಬೇಡ."

ಅವಳು ಒಳಗೆ ಹೋದ ಮೇಲೆ ಅವರಿಗೆ ನಗು ಬಂತು. ಜೀವಮಾನವೆಲ್ಲ ಸಾಕ್ಷಿಗಳಿಗೆ ಹೇಳಿದ ಬುದ್ಧಿ ತಮಗೇ ಇರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಹಾಗೆ.

ಸಂಜೆ ಇಂಚರ ಹೊರಗೆ ಬಂದಳು. "ಬಾಡಿಗೆ ಮನೆ ಕೇಸು ಬಂದಿತ್ತು ತಾತ. ನೀನು ಹೇಳಿಕೊಟ್ಟಿದ್ದ ಉತ್ತರಾನೂ ಆಪ್ಷನ್ನಲ್ಲಿತ್ತು."

ಜಯಸಿಂಹರು ಹೆಸರು ಮಾಡಿದ್ದೇ ಬಾಡಿಗೆ ಕೇಸುಗಳಲ್ಲಿ.

"ಅಯ್ಯೋ, ಅದನ್ನೇ ಹಾಕಿದ್ಯಾ?"

"ಇಲ್ಲ. ಅಲ್ಲಿ ಕೊಟ್ಟಿದ್ದ ನಿಯಮಾನೇ ಬೇರೆ."

"ಸದ್ಯ, ಬದುಕಿಸಿದೆ ಕಣೇ!" ಎಂದು ಅಷ್ಟು ಜನರ ಎದುರಿಗೇ ಅವಳ ಬೆನ್ನು ತಟ್ಟಿದರು. ಕೇಸು ಸೋತು ಇಷ್ಟು ಸಂತೋಷಪಟ್ಟದ್ದು ಅವರ ವಕೀಲಿಕೆಯಲ್ಲಿ ಇದೇ ಮೊದಲು.