ಮೆತ್ತನೆ ಟೈರು

ಬಿದಿರಿಗೆ ಸುತ್ತಿದ್ದ ಹಗ್ಗವನ್ನು ಕೆಂಪರಾಜು ಹಲ್ಲಿನಲ್ಲಿ ಕಚ್ಚಿ ಎಳೆದ. ಹಗ್ಗ ಪಟ್ಟನೆ ತುಂಡಾಯಿತು.

“ಯಾವ್ನ್ಲಾ ಈ ಹಗ್ಗ ತಂದೋನು? ಒಂದ್ ಚಟ್ಟ ಕಟ್ಟಕ್ಕೂ ನೆಟ್ಟಗಿರೋ ಹಗ್ಗ ಸಿಗ್ನಿಲ್ವಾ ನಿಮ್ಗೆ?”

“ಹಗ್ಗ ನೆಟ್ಟಗೇ ಐತೆ. ನೀನು ಒಸಿ ನಿಧಾನಕ್ಕೆ ಎಳಿ,” ಎಂದರು ಕಾಳಯ್ಯ. ಊರಲ್ಲಿ ಯಾರು ಸತ್ತರೂ ಮುಂದೆ ನಿಂತು ಎಲ್ಲ ಮಾಡಿಸುವ ಮುದುಕ. ಕೆಂಪರಾಜುವಿಗೆ ಎದುರು ಮಾತಾಡುವವರು ಮರಳವಾಡಿಯಲ್ಲಿ ಅವರೊಬ್ಬರೇ.

ಜಗುಲಿಯ ಮೇಲೆ ಕೆಂಪರಾಜುವಿನ ಚಿಕ್ಕಂದಿನ ಗೆಳೆಯ ಅನಂತರಾಜುವನ್ನು ಮಲಗಿಸಿದ್ದರು. ನಿನ್ನೆ ಮಧ್ಯಾಹ್ನ ಅದೇ ಜಗುಲಿಯಲ್ಲಿ ಕೂತು ಚಪ್ಪಲಿಯ ಪಟ್ಟಿ ಬಿಗಿದುಕೊಂಡಿದ್ದ. ನಲವತ್ತೆಂಟು ವಯಸ್ಸು. ಹಾಲಿನ ಡೈರಿಯ ಸೆಕ್ರೆಟರಿ. ಸಾವನದುರ್ಗದ ಹತ್ತಿರ ಒಂದು ತಿರುವಿನಲ್ಲಿ, ಸಣ್ಣ ಮಳೆಯಲ್ಲಿ, ಅವನ ದೊಡ್ಡ ಬೈಕು ಜಾರಿ ಮೋರಿಯ ಕಲ್ಲಿಗೆ ಬಡಿದಿತ್ತು. ಎದುರಿಗೆ ಗಾಡಿ ಇರಲಿಲ್ಲ. ನಾಯಿಯೂ ಇರಲಿಲ್ಲ. ಪೋಸ್ಟ್‌ಮಾರ್ಟಂ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ತಂದಿದ್ದರು. ಬೈಕು ಪೊಲೀಸರ ಬಳಿಯೇ ಉಳಿದಿತ್ತು.

ಹೆಂಗಸರ ಕಡೆಯಿಂದ ಕೆಂಚಮ್ಮನ ದನಿ ಕೇಳುತ್ತಿತ್ತು. “ನನ್ ಹಾಲಿಗೆ ನೀರು ಬಿದ್ದಿದ್ ದಿನ ಅನಂತ ನಾಕ್ ಜನದ್ ಮುಂದೆ ಏನೂ ಅನ್ನನಿಲ್ಲ ಕಣವ್ವ. ಎಲ್ರೂ ಹೋಗೋಗಂಟ ನಿಲ್ಲಿಸ್ಕಂಡು, ‘ಅಕ್ಕಾ, ಕ್ಯಾನ್ ತೊಳ್ದಿದ್ ನೀರು ಒಸಿ ಉಳ್ಕಂಡಿತ್ತೇನೋ ನೋಡ್ಕೋ’ ಅಂದ ಮಾರಾಯ.”

“ಬಿದ್ದಿತ್ತೋ, ನೀನೇ ಬುಟ್ಟಿದ್ಯೋ?” ಎಂದಳು ಪಕ್ಕದವಳು.

“ಈಗ್ಯಾಕೆ ಬುಡೇ ಅದು!”

ಯಾರೋ ಸೆರಗಿನೊಳಗೆ ಕಿಸಕ್ಕೆಂದರು. ಮರುಕ್ಷಣವೇ ಮತ್ತೆ ಅಳು ಶುರುವಾಯಿತು. ಸೌಮ್ಯ ಮಾತ್ರ ಅಳುತ್ತಿರಲಿಲ್ಲ. ಗಂಡನ ಕಾಲ ಬುಡದಲ್ಲಿ ಕೂತು ಅವನ ಹಿಮ್ಮಡಿಗೆ ಅಂಟಿದ್ದ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಅನಂತರಾಜುವಿನ ತಮ್ಮ ನಟರಾಜು ಬೇರೆ ಹಗ್ಗ ತಂದುಕೊಟ್ಟ. “ಹೊಸಾ ಟೈರಂತಲ್ಲಣ್ಣ. ಹಾಕ್ಸಿ ವಾರಾನೂ ಆಗಿಲ್ಲ. ಹೆಂಗ್ ಜಾರ್ತು?”

“ಆ ಟೈರ್ ಅಂಗಡಿ ಶುಕೂರ ಕಣ್ಲಾ! ಎಲ್ಲೋ ಕೊಳೀತಾ ಬಿದ್ದಿದ್ ಟೈರ್ನ ದಬ್ಬಾಕ್ಬುಟ್ಟವ್ನೆ. ಸಿಗ್ಲಿ ನನ್ ಕೈಗೆ.”

ಹೇಳಿದ ಮೇಲೆ ಕೆಂಪರಾಜು ತಲೆ ಎತ್ತಲಿಲ್ಲ. ಆ ಟೈರನ್ನು ಆರಿಸಿದ್ದು ಯಾರು ಎಂದು ಅವನಿಗೆ ಗೊತ್ತಿತ್ತು.

*

ರಾಮನಗರದಲ್ಲಿ ಕೆಂಪರಾಜುವಿನದು ರೇಷ್ಮೆ ಹುಳು ಸಾಕುವ ಸಾಮಾನಿನ ಅಂಗಡಿ. ಅದರ ಎದುರಿಗೇ ಶುಕೂರನ ಟೈರ್ ಅಂಗಡಿ. ಹೋದ ಮಂಗಳವಾರ ಅನಂತರಾಜು ಬೈಕು ತಂದು ನಿಲ್ಲಿಸಿದ್ದ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ ಆ ಭಾರಿ ಬೈಕಿನಲ್ಲಿ ಅವನು ವರ್ಷಕ್ಕೊಂದು ಸಲ ಒಬ್ಬನೇ ದೂರ ಹೋಗುತ್ತಿದ್ದ. ಒಂದು ವರ್ಷ ಧನುಷ್ಕೋಡಿ, ಇನ್ನೊಂದು ವರ್ಷ ಹಂಪಿ. ಬಂದವನು ಏನನ್ನೂ ಕೊಚ್ಚಿಕೊಳ್ಳುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಆರಕ್ಕೆ ಡೈರಿಯ ಬಾಗಿಲು ತೆಗೆದಿರುತ್ತಿದ್ದ.

ಶುಕೂರ್ ಹಿಂದಿನ ಟೈರಿನ ಗೀರಿಗೆ ಬೆಂಕಿಕಡ್ಡಿ ಚುಚ್ಚಿ ತೋರಿಸಿದ. ಕಡ್ಡಿಯ ಮದ್ದಿನ ತಲೆ ಮುಳುಗಲೇ ಇಲ್ಲ.

“ತಲೆ ಪೂರಾ ಒಳಗೋಗ್ಬೇಕು ಅಣ್ಣ. ಇದು ಬೋಳಾಗೈತೆ. ಮುಂದಿಂದೂ ಅಷ್ಟೇ.”

ಎರಡು ಬಗೆಯ ಟೈರು ತೋರಿಸಿದ. ಒಂದು ಗಟ್ಟಿ ರಬ್ಬರು. ಬಹಳ ದಿನ ಬರುತ್ತದೆ, ಮಳೆಯಲ್ಲಿ ಹಿಡಿತ ಕಡಿಮೆ. ಇನ್ನೊಂದು ಮೆತ್ತನೆಯದು. ಬೇಗ ಸವೆಯುತ್ತದೆ, ಆದರೆ ನೆಂದ ರಸ್ತೆಯನ್ನೂ ಕಚ್ಚಿ ಹಿಡಿಯುತ್ತದೆ. ಮೆತ್ತನೆಯದರಲ್ಲಿ ಅವನ ಬಳಿ ಇದ್ದದ್ದು ಒಂದೇ, ಸ್ಯಾಂಪಲ್ಲು. ಬೇಕೆಂದರೆ ತರಿಸಬೇಕು.

ಅನಂತರಾಜು ಆ ಸ್ಯಾಂಪಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಹೊಸ ಟೈರಿನ ಮೈಮೇಲೆಲ್ಲ ರಬ್ಬರಿನ ಸಣ್ಣ ಸಣ್ಣ ಕೂದಲಿರುತ್ತವೆ. ಅವುಗಳ ಮೇಲೆ ಬೆರಳಾಡಿಸಿದ, ಕರುವಿನ ಬೆನ್ನು ಸವರುವ ಹಾಗೆ.

“ಇದು ಚೆನ್ನಾಗೈತಲ್ವಾ ಕೆಂಪ?”

“ಏನ್ ಚೆನ್ನಾಗೈತೆ? ಎರಡು ಟ್ರಿಪ್ಪಿಗೆ ಸವ್ದೋಯ್ತದೆ. ನೀನೇನ್ ರೇಸ್ ಹೊಡಿಯಕ್ಕೆ ಹೋಯ್ತೀಯಾ? ಗಟ್ಟೀದ್ ಹಾಕ್ಸು. ಬಾಳಿಕೆ ಬರೋದ್ ನೋಡ್ಲಾ, ಮುಠ್ಠಾಳ!”

“ಮಳೆಗಾಲ ಐತಲ್ಲ ಅಂತ...”

“ಗಟ್ಟೀದ್ ಹಾಕ್ಸು ಅಂದ್ನಲ್ಲ!”

“ಹೂಂ,” ಎಂದ ಅನಂತರಾಜು.

ಅಷ್ಟರಲ್ಲಿ ಕೆಂಪರಾಜುವಿನ ಅಂಗಡಿಗೆ ಗಿರಾಕಿ ಬಂದರು. “ಶುಕೂರ್, ಗಟ್ಟೀದೇ ಹಾಕು!” ಎಂದು ಕೂಗಿ ರಸ್ತೆ ದಾಟಿದ. ತಿರುಗಿ ನೋಡುವ ಹೊತ್ತಿಗೆ ಬೈಕು ಹೋಗಿತ್ತು. ಸಂಜೆ ಅನಂತರಾಜುವಿಗೆ ಫೋನು ಮಾಡಿ ಕೇಳಿದ. “ಹಾಕಿಸ್ದ್ಯಾ?”

“ಹೂಂ.”

ಶನಿವಾರ ಮಾಗಡಿಯಲ್ಲಿ ಕೆಂಪರಾಜುವಿನ ತಂಗಿಯ ಮನೆಯ ಗೃಹಪ್ರವೇಶ. ಊಟದ ಹೊತ್ತಾದರೂ ಅನಂತರಾಜು ಬರಲಿಲ್ಲ. ಮತ್ತೆ ಫೋನು ಮಾಡಿದ. ಮಳೆ ಬರುವ ಹಾಗಿದೆ ಎಂದ ಅನಂತರಾಜು. “ಹೊಸಾ ಟೈರ್ ಐತೆ, ಏನ್ಲಾ ಭಯ ನಿಂಗೆ? ಬರ್ಲಿಲ್ಲ ಅಂದ್ರೆ ನನ್ ಮೊಕ ನೋಡ್ಬೇಡ,” ಎಂದು ಕೆಂಪರಾಜು ಎಲ್ಲರೆದುರು ಗದರಿದ. ಪಂಕ್ತಿಯಲ್ಲಿ ಕೂತಿದ್ದವರು ನಕ್ಕರು.

ಆ ಕಡೆಯಿಂದ “ಹೂಂ” ಬಂತು.

*

ಹತ್ತೂವರೆಗೆ ಚಟ್ಟ ಸಿದ್ಧವಾಯಿತು. ಅದರ ಮೇಲೆ ಹುಲ್ಲು ಹಾಸುತ್ತಿದ್ದಾಗ ಒಂದು ಓಮ್ನಿ ಬಂದು ಬೀದಿಯ ತುದಿಯಲ್ಲಿ ನಿಂತಿತು. ಅದರಿಂದಿಳಿದವನು ಎರಡು ಹೆಗಲಿಗೂ ಒಂದೊಂದು ಟೈರು ಏರಿಸಿಕೊಂಡು, ತಲೆ ಬಗ್ಗಿಸಿ, ಸಂದಿಯಿಂದ ಅಂಗಳದೊಳಕ್ಕೆ ಬಂದ.

“ಅನಂತಣ್ಣಾ! ಲೇಟಾಗೋಯ್ತು, ಬೇಜಾರಾಗ್ಬೇಡಿ...”

ಶುಕೂರ್ ತಲೆ ಎತ್ತಿದ. ಜನರನ್ನು ನೋಡಿದ, ಚಟ್ಟ ನೋಡಿದ. ಜಗುಲಿಯನ್ನು ನೋಡಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಹೆಗಲಿಂದ ಟೈರುಗಳು ಜಾರಿದವು. ಒಂದು ಅಲ್ಲೇ ಬಿತ್ತು. ಇನ್ನೊಂದು ಅಂಗಳದ ಇಳಿಜಾರಿನಲ್ಲಿ ತಾನಾಗಿ ಉರುಳುತ್ತಾ ಬಂದು ಚಟ್ಟಕ್ಕೆ ತಾಗಿ, ಎರಡು ಸುತ್ತು ತಿರುಗಿ ಮಲಗಿತು.

ಕೆಂಪರಾಜು ಒಂದೇ ನೆಗೆತಕ್ಕೆ ಹೋಗಿ ಶುಕೂರನ ಕೊರಳಪಟ್ಟಿ ಹಿಡಿದ.

“ಕೊಂದ್ಬುಟ್ಟೆ ಕಣ್ಲಾ! ನಿನ್ ಟೈರು ಕೊಂದ್ಬುಡ್ತು! ಈಗ ಬದಲಾಯಿಸಕ್ಕೆ ಬಂದಿದ್ದೀಯಾ, ಬೋಳಿಮಗನೆ?”

“ನನ್ ಟೈರು...” ಶುಕೂರನಿಗೆ ಉಸಿರು ಕಟ್ಟುತ್ತಿತ್ತು. “ನನ್ ಟೈರ್ ಇವೇ ಕಣಣ್ಣ! ಇನ್ನೂ ಹಾಕೇ ಇಲ್ಲ!”

“ಏನಂದೆ?”

“ಗಟ್ಟೀದು ಬ್ಯಾಡ ಅಂದ್ರು ಅವ್ರು. ಮೆತ್ತಗಿರೋದು ತರ್ಸು ಅಂದ್ರು. ನಿನ್ನೆ ಸಾಯಂಕಾಲ ಬಂತು ಮಾಲು. ಅಂಗಡೀಲಿ ಹಾಕಿದ್ರೆ ಕೆಂಪ ನೋಡ್ತಾನೆ, ಬಯ್ತಾನೆ, ಭಾನುವಾರ ಮನೆ ತಾವ್ಲೇ ಬಂದು ಹಾಕ್ಕೊಡು ಅಂದ್ರು. ನಿಮ್ಗೆ ಹೇಳ್ಬೇಡ ಅಂತ...” ಅವನು ಅಳತೊಡಗಿದ.

“ಸುಳ್ಳು! ಹಾಕಿಸ್ದೆ ಅಂದ. ನನ್ ಕೈಲಿ ಹೂಂ ಅಂದ!”

“ಅಣ್ಣ.”

ಸೌಮ್ಯ ಎದ್ದು ನಿಂತಿದ್ದಳು. ಅವಳ ಉಗುರಿನ ಸಂದಿಯಲ್ಲಿ ಕೆಸರಿತ್ತು.

“ನಿನ್ನೆ ನೀವು ಫೋನ್ ಮಾಡ್ದಾಗ ನಾನು ಪಕ್ಕದಲ್ಲೇ ಇದ್ದೆ. ಹಳೇ ಟೈರೇ ಐತೆ ಅಂತ ಹೇಳ್ಬುಡ್ರಿ ಅಂದೆ. ನಾಕ್ ಜನದ್ ಮುಂದೆ ಬಯ್ತಾನೆ ಬುಡು, ನಿಧಾನಕ್ಕೆ ಹೋಗಿ ಮೊಕ ತೋರ್ಸಿ ಬತ್ತೀನಿ ಅಂದ್ರು.” ಅವಳ ದನಿ ಏರಲಿಲ್ಲ. “ನೀವು ಅಂದ್ರೆ ಅವ್ರಿಗೆ ಪ್ರಾಣ. ಹೆದ್ರಿಕೇನೂ ಇತ್ತು.”

ಕೆಂಪರಾಜುವಿನ ಕೈ ಶುಕೂರನ ಕೊರಳಪಟ್ಟಿಯಲ್ಲೇ ಇತ್ತು. ಬಿಡಬೇಕು ಎಂದು ತೋಚಲಿಲ್ಲ. ನಟರಾಜು ಬಂದು ಒಂದೊಂದೇ ಬೆರಳು ಬಿಡಿಸಿದ.

ನಿನ್ನೆ ಸುದ್ದಿ ತಿಳಿದು, ಊರವರಲ್ಲಿ ಮೊದಲು ಮಾಗಡಿಯಿಂದ ಮೋರಿಯ ಬಳಿಗೆ ಓಡಿ ಬಂದವನು ಕೆಂಪರಾಜುವೇ. ಬೈಕು ಚಕ್ರ ಮೇಲಾಗಿ ಬಿದ್ದಿತ್ತು. ಎರಡು ಚಕ್ರವೂ ಆಕಾಶ ನೋಡುತ್ತಿದ್ದವು. ಒಂದು ಸಲ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಅವನು ಹಾಯಿಸಿರಲಿಲ್ಲ.

“ಹೊತ್ತಾಯ್ತದೆ,” ಎಂದರು ಕಾಳಯ್ಯ ಮೆಲ್ಲಗೆ. “ಆ ಟೈರ್ನ ಯಾರಾರ ಪಕ್ಕಕ್ಕಿಡ್ರಪ್ಪ.”

ಯಾರೂ ಮುಟ್ಟಲಿಲ್ಲ. ಕೆಂಪರಾಜು ಬಗ್ಗಿ ಚಟ್ಟದ ಬಳಿ ಬಿದ್ದಿದ್ದ ಟೈರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೆಬ್ಬೆರಳು ಒತ್ತಿದಲ್ಲಿ ರಬ್ಬರು ಒಂದಿಷ್ಟು ತಗ್ಗಿತು. ಅಂಗಳದ ಮೂಲೆಯಲ್ಲಿ ನೆಲದ ಮೇಲೆ ಬೈಕಿನ ಸ್ಟ್ಯಾಂಡು ಕೊರೆದ ಗುಳಿ ಇತ್ತು. ಟೈರನ್ನು ಅಲ್ಲಿ ಒರಗಿಸಿ ಬಂದ. ಬಂದವನು ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಟ್ಟ. ಶುಕೂರ್ ಹಿಂದೆ ನಿಂತಿದ್ದ. “ನೀನೂ ಹಿಡಿ ಬಾ,” ಎಂದರು ಕಾಳಯ್ಯ.

ಹಿಪ್ಪುನೇರಳೆ ತೋಟದ ಬದುವಿನಲ್ಲಿ ಗುಂಡಿ ತೋಡಿದ್ದರು. ರಾತ್ರಿಯ ಮಳೆಗೆ ಮಣ್ಣು ಅಂಟಂಟಾಗಿತ್ತು. ನಟರಾಜು ಮೂರು ಹಿಡಿ ಹಾಕಿದ, ನೆಂಟರು ಹಾಕಿದರು. ಕೆಂಪರಾಜುವಿನ ಸರದಿ ಬಂತು. ಒಂದು ಹಿಡಿ ಹಾಕಿದ. ಎರಡನೆಯದನ್ನೂ ಹಾಕಿದ. ಮೂರನೆಯ ಹಿಡಿ ಬಿಡಲು ಬೆರಳು ಬಿಚ್ಚಿದಾಗ ಮಣ್ಣಿನ ನಡುವೆ ಏನೋ ಕಪ್ಪಗೆ ಕಂಡಿತು. ಅಂಗೈಗೆ ಅಂಟಿಕೊಂಡು ಬಂದಿದ್ದ ಟೈರಿನ ಒಂದು ಕೂದಲು. ಸಣ್ಣದು, ಇನ್ನೂ ನೆಟ್ಟಗೆ ನಿಂತಿತ್ತು.

“ಇನ್ನೊಂದ್ ಹಿಡಿ ಐತೆ ಕಣಪ್ಪ. ಹಾಕ್ಬುಡು,” ಎಂದರು ಕಾಳಯ್ಯ.

ಕೆಂಪರಾಜು ಮುಷ್ಟಿ ಮುಚ್ಚಿಕೊಂಡ. ಹಿಂದೆ ಜನ ಸಾಲಾಗಿ ಕಾಯುತ್ತಿದ್ದರು. ಅವನ ಬೆರಳ ಸಂದಿಯಿಂದ ಕೆಸರು ನೀರು ಗುಂಡಿಗೆ ತೊಟ್ಟಿಕ್ಕುತ್ತಿತ್ತು.